ಧನಸಹಾಯ ಹೋಗಿ ದನಸಹಾಯ ಆಗದಿರಲು ಒಂದು ಕಾಗದದ ಚೂರು

ಟಿವಿ ವಾಯ್ಸ್ ಓವರ್‌ಗೆ ಅಭ್ಯಾಸ ಮಾಡುವವರು ಸ್ಕ್ರಿಪ್ಟ್ ಹಿಡಿಯುವ ಮೊದಲು ಹೀಗೆ ಮಾಡಿ: ಬೆರಳಗಲದ ಪೇಪರ್ ಚೂರೊಂದನ್ನು ಬಾಯಿಯಿಂದ ನಾಲ್ಕು ಬೆರಳು ದೂರದಲ್ಲಿ ಜೋತುಬಿಟ್ಟು ಹಿಡಿದು 'ಕರ, ಖರ', 'ಕತೆ, ಕಥೆ' ಅಂತ ಹೇಳಿ ನೋಡಿ. ಮಹಾಪ್ರಾಣಕ್ಕೆ ಉಸಿರು ಜಾಸ್ತಿ ಹೊರಗೆ ಬರುವುದರಿಂದ ಖ, ಥ ಹೇಳುವಾಗ ಚೂರು ಹಾರಬೇಕು. ಕ, ತ ಹೇಳುವಾಗ ಹೆಚ್ಚುಕಡಿಮೆ ಸುಮ್ನೆ ಇರಬೇಕು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಅಂತ ಬೆಳೆದ ನಮ್ಮ ಕಾಸರಗೋಡಿನ ಕಡೆಯವರಿಗೆ ಮಾತಿನಲ್ಲಿ ಮಹಾಪ್ರಾಣ ಬಿಟ್ಟೇ ರೂಢಿ, ಹಾಗಾಗಿ ಕಿವಿ ತಪ್ಪು ಹಿಡಿಯುವುದಿಲ್ಲ. ಕಾಗದ ಹಿಡಿಯುತ್ತದೆ. ಆದರೆ ಘ, ಧ, ಭ ಬಂದಾಗ ಚೂರು ಅಷ್ಟು ಅಲುಗುವುದಿಲ್ಲ. ಅಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುವುದೇ ದಾರಿ, ಇಲ್ಲದಿದ್ದರೆ ಸರಕಾರದ ಧನಸಹಾಯ ನೇರ ದನದ ಹಟ್ಟಿಗೆ ಹೋಗುತ್ತದೆ! ಇನ್ನು 'ಫ' ಬಂದರೆ ಕಾಗದ ಸುಳ್ಳೇ ಹೇಳುತ್ತದೆ. 'ಫಲ'ವನ್ನು 'ಫ್ಯಾನ್' ಅಂದ ಹಾಗೆ ಹಲ್ಲು ತಾಗಿಸಿ ಹೇಳಿದರೂ ಅದು ಹಾರುತ್ತದೆ. ಎರಡೂ ತುಟಿ ಮುಟ್ಟಿತಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ತಾಳಮದ್ದಳೆಯಲ್ಲಿ, ಅಂದರೆ ವೇಷ ಕಟ್ಟದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳಿ ಅಭ್ಯಾಸ ಇರುವವರಿಗೆ ಇದೆಲ್ಲ ಬೇಡ, ಅವರಿಗೆ ದನಿ ಇಳಿಸುವುದೇ ಕಷ್ಟ, ಅಲ್ವಾ? ಮತ್ತೆ, ಕಾಗದ ಹಾರಿಸುವ ಅದೇ ಉಸಿರು ಮೈಕಿಗೆ ಬಡಿದರೆ 'ಡಬ್' ಅಂತ ಕೇಳುತ್ತದೆ. ರೆಕಾರ್ಡ್ ಮಾಡುವಾಗ ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಕೆನ್ನೆಯ ಬದಿಗೆ ಇಡಿ. ಫ್ಯಾನ್ ಆಫ್ ಮಾಡಿಯೇ ಶುರು ಮಾಡಿ.