ಗಾಯಕರ ಮಕ್ಕಳು ಸ್ವಂತ ಬಲದಿಂದ ಗೆದ್ದರಾ? ಜಗಳಕ್ಕೆ ಮುಂಚೆ ಹೀಗೆ ನೋಡಿ

ಹೆಸರಾಂತ ಗಾಯಕರ ಮಗನೋ ಮಗಳೋ ಹೊಸ ಹಾಡು ಬಿಟ್ಟರೆ ಸಾಕು, ಎರಡು ಗುಂಪು ಹುಟ್ಟಿಕೊಳ್ಳುತ್ತವೆ. ಒಂದು ‘ಅದು ರಕ್ತದಲ್ಲೇ ಬಂದಿದೆ’ ಅನ್ನುತ್ತದೆ. ಇನ್ನೊಂದು ‘ಅಪ್ಪನ ಹೆಸರಿಲ್ಲದಿದ್ದರೆ ಇವರನ್ನು ಯಾರು ಕೇಳುತ್ತಿದ್ದರು’ ಅನ್ನುತ್ತದೆ. ಎರಡೂ ಹಾಡು ಕೇಳದೆಯೇ ಹೇಳಬಹುದಾದ ಮಾತು. ನಿಮಗೆ ನಿಜಕ್ಕೂ ಗೊತ್ತಾಗಬೇಕಿದ್ದರೆ ಕೆಲವು ವಿಷಯ ಕೆದಕಿ ನೋಡಬೇಕು.

ಮೊದಲ ಅವಕಾಶದ ಬಗ್ಗೆ ವಾದವೇ ಬೇಡ. ಅದು ಮನೆತನದಿಂದಲೇ ಬರುತ್ತದೆ, ಒಪ್ಪಿಕೊಂಡುಬಿಡಿ. ಅಪ್ಪ ಏನೂ ಮಾಡದಿದ್ದರೂ ಬರುತ್ತದೆ! ಅಮೆರಿಕದ ಜೆಫ್ ಬಕ್ಲಿಯನ್ನು ನೋಡಿ. ಅಪ್ಪ ಟಿಮ್ ಬಕ್ಲಿ ಹೆಸರಾದ ಗಾಯಕ, ಆದರೆ ಮಗನನ್ನು ಸಾಕಲಿಲ್ಲ. ಮಗ ಎಂಟು ವರ್ಷದವನಿದ್ದಾಗ ಕೆಲವು ದಿನ ಜೊತೆಗಿದ್ದದ್ದು ಬಿಟ್ಟರೆ ಒಡನಾಟವೇ ಇಲ್ಲ. 1975ರಲ್ಲಿ ಟಿಮ್ ತೀರಿಕೊಂಡರು. ಆದರೂ ಜೆಫ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1991ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಅಪ್ಪನ ನೆನಪಿನ ಕಾರ್ಯಕ್ರಮದಲ್ಲಿ. ಹೆಸರು ಬಾಗಿಲು ತೆರೆಯಿತು. ಒಳಗೆ ಹೋದ ಮೇಲೆ ಅವರು ಹಾಡಿದ್ದಕ್ಕೂ ಅಪ್ಪನಿಗೂ ಲೆಕ್ಕ ಬೇರೆ.

ಇನ್ನು ನಾನು ತುಂಬಾ ಮುಖ್ಯ ಅಂದುಕೊಳ್ಳುವ ಪ್ರಶ್ನೆ: ಇವರಿಗೆ ಎಷ್ಟು ಸಲ ಸೋಲಲು ಬಿಟ್ಟರು? ಸಾಮಾನ್ಯ ಮನೆಯಿಂದ ಬಂದವರ ಎರಡು ಹಾಡು ಓಡದಿದ್ದರೆ ಮೂರನೆಯದಕ್ಕೆ ಯಾರೂ ಕರೆಯುವುದಿಲ್ಲ. ಅಮೆರಿಕದ ಹೆಸರಾಂತ ಗಾಯಕ ಫ್ರಾಂಕ್ ಸಿನಾಟ್ರಾ 1960ರಲ್ಲಿ ಸ್ವಂತ ರೆಕಾರ್ಡ್ ಕಂಪನಿ ಶುರು ಮಾಡಿದರು. ಮಗಳು ನ್ಯಾನ್ಸಿ ಮರುವರ್ಷವೇ ಅಲ್ಲಿ ಹಾಡತೊಡಗಿದರು. ಆಮೇಲೆ ಕೆಲವು ವರ್ಷ ಅಮೆರಿಕದಲ್ಲಿ ಒಂದೂ ದೊಡ್ಡ ಹಿಟ್ ಇಲ್ಲ. ಕಂಪನಿ ಅಪ್ಪನದೇ ಆದರೂ ಜನ ಕೇಳಲಿಲ್ಲ, ಅಲ್ವಾ? ಕೊನೆಗೆ ಲೀ ಹೇಜಲ್‌ವುಡ್ ಎಂಬ ಹಾಡು ಬರೆಯುವವರು ಸಿಕ್ಕರು, ಇನ್ನೂ ಕೆಳಗಿನ ಶ್ರುತಿಯಲ್ಲಿ ಹಾಡಿ ಅಂದರು, 1966ರಲ್ಲಿ ಹಾಗೆ ಹಾಡಿದ ಒಂದು ಹಾಡು ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೆ ಹೋಯಿತು. ಇದರಲ್ಲಿ ಯಾರ ಪಾಲು ಎಷ್ಟು? ಹಿಟ್ ಆಕೆಯದು. ಹಿಟ್ ಬರುವ ತನಕ ಕಾಯುವ ಅನುಕೂಲ ಅಪ್ಪನ ಮನೆಯದು. ಈ ಎರಡನ್ನು ಬೇರೆ ಬೇರೆ ಮಾಡಿ ನೋಡಲು ಕಲಿತರೆ ಅರ್ಧ ಜಗಳ ಮುಗಿಯುತ್ತದೆ.

ಅಲ್ಲೇ ಇನ್ನೊಂದು ಪರೀಕ್ಷೆಯೂ ಸಿಗುತ್ತದೆ. ಒಡಹುಟ್ಟಿದವರನ್ನು ಹೋಲಿಸಿ. ನ್ಯಾನ್ಸಿಯ ತಮ್ಮ ಫ್ರಾಂಕ್ ಜೂನಿಯರ್‌ಗೆ ಅಪ್ಪನ ಹೆಸರೇ ಇತ್ತು. ಜೀವನವಿಡೀ ಹಾಡಿದರು, ಅಪ್ಪನ ಕೊನೆಯ ವರ್ಷಗಳ ಕಾರ್ಯಕ್ರಮಗಳಲ್ಲಿ ಸಂಗೀತ ನಿರ್ದೇಶಕರಾಗಿದ್ದರು, ಆದರೆ ಅಕ್ಕನಂಥ ಹಿಟ್ ಬರಲಿಲ್ಲ. ಮನೆ ಒಂದೇ, ಹೆಸರು ಒಂದೇ, ಫಲ ಬೇರೆ. ಉಳಿದ ವ್ಯತ್ಯಾಸದಲ್ಲಿ ಪ್ರತಿಭೆ ಇದೆ, ಅದೃಷ್ಟವೂ ಇದೆ, ಹೆಸರಂತೂ ಇಲ್ಲ.

ಹೆಸರು ಮುಚ್ಚಿಟ್ಟವರ ಕಥೆ ಕೇಳಿದಾಗ ಸ್ವಲ್ಪ ಹುಷಾರಾಗಿರಿ. ಸ್ಪೇನ್‌ನ ಗಾಯಕ ಹೂಲಿಯೋ ಇಗ್ಲೇಸಿಯಾಸ್ ಅವರ ಮಗ ಎನ್ರಿಕೆ, ಅಪ್ಪನಿಗೆ ಗೊತ್ತಾಗದಂತೆ ಮಾರ್ಟಿನೆಜ್ ಎಂಬ ಸುಳ್ಳು ಉಪನಾಮದಲ್ಲಿ ಕಂಪನಿಗಳಿಗೆ ಹಾಡು ಕಳಿಸಿದರು. ಮೆಚ್ಚಬೇಕಾದ್ದೇ. ಆದರೆ 1995ರಲ್ಲಿ ಮೊದಲ ಆಲ್ಬಂ ಬಂದಾಗ ಮುಖಪುಟದ ಮೇಲೆ ಇದ್ದದ್ದು ಇಗ್ಲೇಸಿಯಾಸ್ ಅಂತಲೇ! ಸಿತಾರ್ ವಾದಕ ರವಿಶಂಕರ್ ಅವರ ಮಗಳು ನೋರಾ ಜೋನ್ಸ್ ಮಾತ್ರ ಬೇರೆ ಥರ. ರವಿಶಂಕರ್ ಗಾಯಕರಲ್ಲ ನಿಜ, ಆದರೂ ಇಲ್ಲಿ ಹೇಳಲೇಬೇಕು. ಆಕೆ ಬೆಳೆದದ್ದು ಅಮ್ಮನ ಹತ್ತಿರ, 16ನೇ ವಯಸ್ಸಿಗೇ ಹೆಸರಿನಿಂದ ಶಂಕರ್ ಬಿಟ್ಟರು, ಹಾಡಿದ್ದು ಸಿತಾರಿಗೆ ಸಂಬಂಧವೇ ಇಲ್ಲದ ಸಂಗೀತ. 2003ರಲ್ಲಿ ಐದು ಗ್ರ್ಯಾಮಿ ಬಂದಾಗ ಎಷ್ಟೋ ಜನರಿಗೆ ಅಪ್ಪ ಯಾರು ಅಂತಲೇ ಗೊತ್ತಿರಲಿಲ್ಲ.

ಆಮೇಲೆ ಅವರ ಕಾರ್ಯಕ್ರಮದ ಹಾಡುಗಳ ಪಟ್ಟಿ ನೋಡಿ. ಜನ ಕೂಗಿ ಕೇಳುವುದು ಅಪ್ಪ ಅಮ್ಮನ ಹಾಡೋ, ಇವರದೇ ಹಾಡೋ? ಅಮೆರಿಕದ ಗಾಯಕ ನ್ಯಾಟ್ ಕಿಂಗ್ ಕೋಲ್ ಅವರ ಮಗಳು ನ್ಯಾಟಲಿ ಕೋಲ್ ಎಪ್ಪತ್ತರ ದಶಕದಲ್ಲಿ ತಮ್ಮದೇ ಹಾಡುಗಳಿಂದ ಗ್ರ್ಯಾಮಿ ಗೆದ್ದರು. ತೀರಿಹೋದ ಅಪ್ಪನ ಹಳೆಯ ಧ್ವನಿಗೆ ದನಿ ಸೇರಿಸಿ ಹಾಡಿದ್ದು 1991ರಲ್ಲಿ. ಈ ಕ್ರಮ ಮುಖ್ಯ. ಮೊದಲು ಸ್ವಂತದ್ದು, ಆಮೇಲೆ ಅಪ್ಪನದು. ಉಲ್ಟಾ ಆಗಿದ್ದರೆ ಅನುಮಾನ ಇಟ್ಟುಕೊಳ್ಳಿ. ದನಿ ಅಪ್ಪನ ಥರ ಇದೆ ಅನ್ನುವುದು ಮಾತ್ರ ಯಾವ ಕಡೆಗೂ ಸಾಕ್ಷಿಯಲ್ಲ. ಕಿಶೋರ್ ಕುಮಾರ್ ಇನ್ನೂ ಜೋರಾಗಿ ಹಾಡುತ್ತಿದ್ದ ಕಾಲದಲ್ಲೇ ಮಗ ಅಮಿತ್ ಕುಮಾರ್ 1981ರ ಒಂದು ಸಿನಿಮಾ ಹಾಡಿಗೆ ಫಿಲ್ಮ್‌ಫೇರ್ ತೆಗೆದುಕೊಂಡರು, ಆದರೂ ಹೋಲಿಕೆ ಬಿಡಲಿಲ್ಲ.

ಶಾಸ್ತ್ರೀಯ ಸಂಗೀತಕ್ಕೆ ಈ ಅಳತೆ ಹೊಂದುವುದಿಲ್ಲ. ಅಲ್ಲಿ ಅಮ್ಮನೇ ಗುರು, ಮನೆಯೇ ಪಾಠಶಾಲೆ. ‘ಮನೆಯಿಂದ ಏನು ಬಂತು’ ಅನ್ನುವ ಬದಲು ‘ಇವರು ಏನು ಸೇರಿಸಿದರು’ ಅಂತ ಕೇಳಿ. ಹಿಂದೂಸ್ತಾನಿ ಗಾಯಕಿ ಕಿಶೋರಿ ಅಮೋಣ್ಕರ್ ತಾಯಿ ಮೋಗುಬಾಯಿ ಕುರ್ಡೀಕರ್ ಅವರ ಹತ್ತಿರ ಕಟ್ಟುನಿಟ್ಟಾಗಿ ಜೈಪುರ ಘರಾಣೆ ಎಂಬ ಗಾಯನ ಪರಂಪರೆ ಕಲಿತರು, ಆಮೇಲೆ ಅದರ ಬೇಲಿ ದಾಟಿ ಭಾವಕ್ಕೆ ಜಾಸ್ತಿ ಜಾಗ ಕೊಟ್ಟರು. ಬೈಸಿಕೊಂಡರು ಕೂಡ. ಇನ್ನೊಂದು ಕಡೆ ಗಂಗೂಬಾಯಿ ಹಾನಗಲ್ ಅವರ ಮಗಳು ಕೃಷ್ಣಾ ಒಳ್ಳೆಯ ಗಾಯಕಿ, ಆದರೆ ತಾಯಿಯ ಕಛೇರಿಗಳಲ್ಲಿ ಹಿಂದೆ ಕೂತು ದನಿಗೂಡಿಸಿದ್ದೇ ಹೆಚ್ಚು. ದೊಡ್ಡ ಹೆಸರು ಯಾವಾಗಲೂ ಲಾಭವೇ ಅನ್ನುವವರು ಆ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಬೇಕು.

ಈಗಷ್ಟೇ ಶುರು ಮಾಡಿದವರ ಬಗ್ಗೆ ಸುಮ್ನೆ ತೀರ್ಪು ಕೊಡಬೇಡಿ. ಅವರ ನಾಲ್ಕೈದು ಹಾಡು ಬರಲಿ. ಆಮೇಲೆ ಪ್ರತಿ ಹಾಡಿನ ಸಂಗೀತ ನಿರ್ದೇಶಕರು ಯಾರು, ಅವರಿಗೂ ಆ ಮನೆಗೂ ಹಳೆಯ ನಂಟಿದೆಯಾ ಅಂತ ಹುಡುಕಿ. ನಂಟೇ ಇಲ್ಲದವರು ಎರಡನೇ ಸಲ ಕರೆದಿದ್ದರೆ ಅದನ್ನು ಗಟ್ಟಿ ಸಾಕ್ಷಿ ಅಂತ ಇಟ್ಟುಕೊಳ್ಳಿ. ಮೊದಲ ಸಲ ಕುತೂಹಲಕ್ಕೂ ಕರೆಯುತ್ತಾರೆ.