ಬಾತನ್ನು ಎತ್ತಬೇಡಿ, ಪಂಜರವನ್ನೇ ಅದರ ಹತ್ತಿರ ಒಯ್ಯಿರಿ

ಈ ಸಲ ನಮ್ಮ ತೋಟದಲ್ಲಿ 43 ಬಾತಿನ ಮರಿ ಒಡೆದವು. ಅದರಲ್ಲಿ 38 ದೊಡ್ಡವಾದವು. ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ 26 ಮರಿಯಲ್ಲಿ ಉಳಿದದ್ದು ಬರೀ 2. ಆಗ ನಕ್ಕವರೇ ಈಗ ಮರಿ ಬೇಕು ಅಂತ ಮುಂಗಡ ಕೊಟ್ಟು ಹೋಗಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಮ್ಮದು ಮಂಡ್ಯ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಿನ ಊರು. ಮನೆ ಮುಂದೆ ಗದ್ದೆ, ಹಿಂದೆ ಮುಕ್ಕಾಲು ಎಕರೆ ತೆಂಗಿನ ತೋಟ. ತೋಟದಲ್ಲಿ ಎಲ್ಲವೂ ಒಟ್ಟಿಗೇ ಮೇಯುತ್ತವೆ. 40ರ ಹತ್ತಿರ ನಾಟಿ ಕೋಳಿ, ಹತ್ತು ಹನ್ನೆರಡು ಗಿರಿರಾಜ ಕೋಳಿ, 6 ಗಿನಿಕೋಳಿ, 9 ಹೆಣ್ಣು ಮಸ್ಕೋವಿ ಬಾತು, 2 ಗಂಡು (ಮೊದಲು 4 ಇದ್ದವು). ಒಂದೊಂದಕ್ಕೆ ಒಂದೊಂದು ಶೆಡ್ ಕಟ್ಟಿ ಅಂತ ಹೇಳುವವರು ಜಾಸ್ತಿ, ಆದರೆ ಅಷ್ಟು ಜಾಗವೂ ಇಲ್ಲ, ದುಡ್ಡೂ ಇಲ್ಲ. ಒಟ್ಟಿಗೇ ಇರಬೇಕು, ಮರಿಯೂ ಉಳಿಯಬೇಕು. ಲೆಕ್ಕ ಅದು.

ಮೊದಲು ಖಾಕಿ ಕ್ಯಾಂಪ್‌ಬೆಲ್ ಅನ್ನುವ ಬಾತಿನ ತಳಿ ಸಾಕಿದ್ದೆ, ಬೆಂಗಳೂರು ಹತ್ತಿರದ ಹೆಸರಘಟ್ಟದಿಂದ ಮರಿ ತಂದು. ಮೊಟ್ಟೆಗೆ ಅದನ್ನು ಮೀರಿಸೋದು ಕಷ್ಟ. ಆದರೆ ಕಾವಿಗೆ ಕೂರಲ್ಲ. ಕೊಯ್ಲಾದ ಗದ್ದೆಗೆ ಹಿಂಡು ಹೊಡೆದುಕೊಂಡು ಬರುವವರ ಹತ್ತಿರ ತಗೊಂಡ ನಾಡು ಬಾತೂ ಅಷ್ಟೇ, ನಿಂತಲ್ಲೇ ಮೊಟ್ಟೆ ಉದುರಿಸಿ ಮುಂದಕ್ಕೆ ಹೋಗುತ್ತಿತ್ತು. ಕೂರುವ ಬಾತು ಅಂದರೆ ಮಸ್ಕೋವಿಯೇ. ಆದರೆ 35 ದಿನ ಕೂರಬೇಕು. ಕೋಳಿಗೆ 21, ಮಾಮೂಲಿ ಬಾತಿಗೆ 28, ಇದಕ್ಕೆ 35. ನನಗೆ ಆದ ನಷ್ಟದಲ್ಲಿ ಅರ್ಧ ಈ ಲೆಕ್ಕದ ವ್ಯತ್ಯಾಸದಿಂದಲೇ ಆಯಿತು.

ಮೊದಲ ವರ್ಷ ಒಂದು ಬಾತು ತೆಂಗಿನ ಗರಿ ರಾಶಿಯ ಕೆಳಗೆ ಗೂಡು ಮಾಡಿತ್ತು. ಅದು ನೀರಿಗೆ ಎದ್ದು ಹೋದಾಗ ಹ್ಯಾಟೆಗಳು (ಹೆಣ್ಣು ಕೋಳಿಗಳು) ಹೋಗಿ ಅದೇ ಗೂಡಿನಲ್ಲಿ ಮೊಟ್ಟೆ ಇಟ್ಟು ಬರುತ್ತಿದ್ದವು. ನಾನು ನೋಡಿಯೂ ಸುಮ್ನೆ ಬಿಟ್ಟೆ, ಒಂದೆರಡು ಕೋಳಿ ಪಿಳ್ಳೆಯೂ ಬರಲಿ ಅಂತ. ಬಾತಿನ ಮೊಟ್ಟೆಗಿಂತ ಮೊದಲೇ ಬಂದವು, ಮೂರು. ಪಿಳ್ಳೆ ಕೂಗಿದ್ದೇ ತಡ, ಬಾತು ಅವನ್ನು ಕರೆದುಕೊಂಡು ಗೂಡು ಬಿಟ್ಟು ಹೊರಟೇಬಿಟ್ಟಿತು. ಹಿಂದೆ 14 ಮೊಟ್ಟೆ. ನಾನು ಗದ್ದೆಯಿಂದ ಬರುವ ಹೊತ್ತಿಗೆ ಮಧ್ಯಾಹ್ನ, ಮೊಟ್ಟೆ ಎಲ್ಲ ತಣ್ಣಗಾಗಿದ್ದವು. ಒಂದನ್ನು ಒಡೆದು ನೋಡಿದೆ. ಒಳಗೆ ಕಣ್ಣು, ಕಾಲು, ಕೊಕ್ಕು ಎಲ್ಲ ಮೂಡಿದ್ದ ಮರಿ. ಇನ್ನೊಂದನ್ನು ಒಡೆಯಲು ಮನಸ್ಸಾಗಲಿಲ್ಲ.

ಆಮೇಲೆ ಗಂಡು ಬಾತಿನ ಕಾಟ. ಕಾವಿನ ಬಾತು ದಿನಕ್ಕೆ ಒಂದು ಸಲ, ಹದಿನೈದು ಇಪ್ಪತ್ತು ನಿಮಿಷ, ನೀರಿಗೆ ಏಳುತ್ತದೆ. ಅದನ್ನೇ ಕಾಯ್ದು ನಾಲ್ಕೂ ಗಂಡು ಅಟ್ಟಿಸಿಕೊಂಡು ಹೋಗುತ್ತಿದ್ದವು. ಅದು ಹೆದರಿ ಓಡಿ ಗೂಡಿಗೆ ನುಗ್ಗಿದರೆ ಇವೂ ಹಿಂದೆಯೇ ನುಗ್ಗುತ್ತಿದ್ದವು, ಮೊಟ್ಟೆ ಒಡೆಯುತ್ತಿತ್ತು. ಒಂದು ಗಂಡು ಹ್ಯಾಟೆಯ ಮೇಲೆ ಹತ್ತಿ ಅದನ್ನು ಸಾಯಿಸಿಯೇಬಿಟ್ಟಿತು. 4 ಕೇಜಿ ಮೇಲಿನ ಹಕ್ಕಿ ಅದು, ನಾಟಿ ಹ್ಯಾಟೆ ತಡೆಯುತ್ತದಾ? 9 ಹೆಣ್ಣಿಗೆ 2 ಗಂಡು ಸಾಕು. ಉಳಿದ ಎರಡನ್ನು ಸಂತೆಯಲ್ಲಿ ಮಾರಿದ ದಿನದಿಂದ ಅರ್ಧ ನೆಮ್ಮದಿ.

ಇನ್ನು ಕೀರ (ಮುಂಗುಸಿ), ಹೆಗ್ಗಣ, ಕೇರೆಹಾವು, ಕಾಗೆ, ಹದ್ದು, ಕೆಂಬೂತ. ಇವನ್ನು ನಿಮಗೆ ಪರಿಚಯ ಮಾಡಿಕೊಡಬೇಕಿಲ್ಲ. ಇವನ್ನು ಹೊಡೆಯುವ ಮಾತು ಬೇಡ, ಹೆಚ್ಚಿನವನ್ನು ಹೊಡೆಯಲು ಕಾನೂನೂ ಬಿಡಲ್ಲ, ನನಗೂ ಮನಸ್ಸಿಲ್ಲ. ನಾನು ದುಡ್ಡು ಕಳಕೊಂಡದ್ದು ತೆಳು ತಂತಿ ಹೆಣೆದ ಬಲೆ, ಅಂದರೆ ಚಿಕನ್ ಮೆಶ್‌ಗೆ. ಅಗ್ಗ ಅಂತ ಒಂದು ರೋಲ್ ತಂದು ಸುತ್ತ ಹೊಡೆದೆ. ಒಂದು ವಾರಕ್ಕೆ ಹೆಗ್ಗಣ ತೂತು ಮಾಡಿತು, ಅದರಲ್ಲೇ ಕೇರೆಹಾವು ಬಂದು ಒಂದೇ ರಾತ್ರಿ 4 ಮರಿ ನುಂಗಿತು. ಚಿಕನ್ ಮೆಶ್ ಕೋಳಿಯನ್ನು ಒಳಗೆ ಇಡುತ್ತದೆ, ಹೊರಗಿನವರನ್ನು ತಡೆಯುವುದಿಲ್ಲ. ಅರ್ಧ ಇಂಚಿನ ಕಣ್ಣಿನ, ಬೆಸೆದ ಗಟ್ಟಿ ತಂತಿಯ ವೆಲ್ಡ್ ಮೆಶ್‌ಗಿಂತ ದೊಡ್ಡದು ಬೇಡವೇ ಬೇಡ.

ಎರಡನೇ ವರ್ಷ 1,800 ಕೊಟ್ಟು ಒಳ್ಳೆ ಪಂಜರ ಮಾಡಿಸಿ, ಕೂತ ಬಾತನ್ನು ಮೊಟ್ಟೆ ಸಮೇತ ಎತ್ತಿ ಅದರೊಳಗೆ ಇಟ್ಟೆ. ಹುಲ್ಲು, ನೀರು, ನೆರಳು ಎಲ್ಲ ಇತ್ತು. ಬಾತು ಮಾತ್ರ ರಾತ್ರಿಯಿಡೀ ಮೆಶ್‌ಗೆ ಕೊಕ್ಕು ಉಜ್ಜಿಕೊಂಡು ಅತ್ತಿಂದಿತ್ತ ಓಡಾಡಿತು, ಮೊಟ್ಟೆಯ ಮೇಲೆಯೇ ಕಾಲಿಟ್ಟುಕೊಂಡು. ಮೂರು ಬಾತಿಗೆ ಹೀಗೆ ಮಾಡಿದೆ, ಎರಡು ಕಾವು ಬಿಟ್ಟವು.

ಆಗ ದೊಡ್ಡಪ್ಪ ಬಂದು ನೋಡಿ, "ಬಾತು ಪಿಳ್ಳೆ ಸಾಕ್ತದೆ ಅಂತ ಯಾರ್ಲಾ ಹೇಳಿದ್ದು ನಿಂಗೆ? ಮೊಟ್ಟೆ ಎತ್ತಿ ಕೋಳಿಗಿಕ್ಕು" ಅಂದರು. ಊರಲ್ಲಿ ಎಲ್ಲರೂ ಹೇಳೋದು ಅದನ್ನೇ. ಸರಿ ಅಂತ ಎರಡು ಹ್ಯಾಟೆಗೆ ಆರಾರು ಮೊಟ್ಟೆ ಇಟ್ಟೆ. ಒಂದು 27ನೇ ದಿನಕ್ಕೆ ಎದ್ದು ಹೋಯಿತು. ಇನ್ನೊಂದು ಪಾಪ 35 ದಿನ ಕೂತು 5 ಮರಿ ಮಾಡಿತು, ಜುಟ್ಟು ಬಿಳಿಚಿಕೊಂಡು ಅರ್ಧಕ್ಕೆ ಇಳಿದಿತ್ತು. ಮರಿಗಳು ಹುಟ್ಟಿದ ಮೂರನೇ ದಿನ ಕಾಲುವೆಗೆ ಇಳಿದವು. ಹ್ಯಾಟೆ ದಡದಲ್ಲಿ ಕೂಗಿಕೊಂಡು ಓಡಾಡುತ್ತಿದ್ದರೆ ಕಾಗೆ ಎರಡನ್ನು ಎತ್ತಿಕೊಂಡು ಹೋಯಿತು. ಇನ್‌ಕ್ಯುಬೇಟರ್ ಕೂಡ ಆಯಿತು, 5,000 ಚಿಲ್ಲರೆ. ನಮ್ಮ ಕರೆಂಟಿಗೆ 30 ಮೊಟ್ಟೆಯಲ್ಲಿ 4 ಒಡೆದವು. ಅರ್ಧ ಬೆಲೆಗೆ ಮಾರಿದೆ.

ಕೊನೆಗೆ ಹೊಳೆದದ್ದು ಇಷ್ಟೇ. ಬಾತು ಜಾಗ ಬಿಡಲ್ಲ. ಹಾಗಾದರೆ ಪಂಜರವೇ ಅಲ್ಲಿಗೆ ಹೋಗಲಿ.

ರೀಪರ್ ಕಟ್ಟಿಗೆಯಲ್ಲಿ 4 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರದ ಚೌಕಟ್ಟು. ತಳ ಇಲ್ಲ. ಸುತ್ತ ಮತ್ತು ಮೇಲೆ ವೆಲ್ಡ್ ಮೆಶ್, ಮೇಲೆ ಅರ್ಧ ಭಾಗ ತಗಡು. ಕೆಳಗೆ ನಾಲ್ಕೂ ಕಡೆ ಹೊರಕ್ಕೆ ಒಂದು ಅಡಿ ಮೆಶ್ ನೆಲದ ಮೇಲೆ ಮಲಗಿಸಿ, ಮಣ್ಣು ಎಳೆದು, ಕಲ್ಲು ಹೇರಬೇಕು. ನಾಯಿಯಾಗಲಿ ಕೀರವಾಗಲಿ ಗೋಡೆಯ ಬುಡದಲ್ಲೇ ಕೆರೆಯುತ್ತವೆ, ಒಂದು ಅಡಿ ಹಿಂದೆ ಸರಿದು ಕೆರೆಯಬೇಕು ಅಂತ ಅವಕ್ಕೆ ಹೊಳೆಯಲ್ಲ. ಇದೊಂದು ಕೆಲಸಕ್ಕೆ ನಾನು ಎಷ್ಟು ಖರ್ಚು ಬೇಕಾದರೂ ಮಾಡುತ್ತೇನೆ.

ಬಾತು ಗಟ್ಟಿಯಾಗಿ ಕೂತು ಐದಾರು ದಿನ ಆಗುವವರೆಗೆ ಕಾಯಬೇಕು. ಹತ್ತಿರ ಹೋದರೆ ಏಳದೆ ಬುಸ್ ಅಂತ ಗರಿ ಕೆದರಿಕೊಳ್ಳುವಷ್ಟು. ರಾತ್ರಿ ಇಬ್ಬರು ಹೋಗಿ, ಟಾರ್ಚ್‌ಗೆ ಕೆಂಪು ಬಟ್ಟೆ ಸುತ್ತಿ, ಮಾತಾಡದೆ ಚೌಕಟ್ಟನ್ನು ಗೂಡಿನ ಮೇಲೆ ಇಳಿಸಿ ಬರಬೇಕು. ಮೊದಲ ಎರಡು ದಿನ ಹಗಲು ಬಾಗಿಲು ತೆಗೆದೇ ಇರಲಿ. ಮೂರನೇ ದಿನದಿಂದ ಮುಚ್ಚಿ. ಏಳು ಬಾತಿಗೆ ಹೀಗೆ ಮಾಡಿದ್ದೇನೆ, ಒಂದೂ ಕಾವು ಬಿಟ್ಟಿಲ್ಲ.

ಸ್ನಾನ ತಪ್ಪಿಸಬೇಡಿ. ಅದು ಒದ್ದೆ ಎದೆಯಲ್ಲಿ ಬಂದು ಕೂತರೇ ಮೊಟ್ಟೆಗೆ ಬೇಕಾದ ತೇವ ಸಿಗುತ್ತದೆ. ನಾನು ಬೆಳಿಗ್ಗೆ 7ಕ್ಕೆ ಬಾತಿನ ಬಾಗಿಲು ತೆಗೆಯುತ್ತೇನೆ, ಉಳಿದ ಎಲ್ಲ ಹಕ್ಕಿಗಳೂ 8ರವರೆಗೆ ಗೂಡಿನಲ್ಲೇ. ಅದು ನಾಲೆಗೆ ಹೋಗಿ ಬರುವುದರೊಳಗೆ ನನಗೆ ಇಪ್ಪತ್ತು ನಿಮಿಷ. ಮೊಟ್ಟೆಗೆ ಮೊದಲೇ ಪೆನ್ಸಿಲ್ ಗುರುತು ಇರುತ್ತದೆ, ಗುರುತಿಲ್ಲದ್ದು ಕಂಡರೆ ತೆಗೆಯುತ್ತೇನೆ. ಹತ್ತನೇ ದಿನ ಮೊಬೈಲ್ ಟಾರ್ಚ್ ಹಿಡಿದು ಖಾಲಿ ಮೊಟ್ಟೆ ಬೇರೆ ಮಾಡುತ್ತೇನೆ. ಒಂದರ ಕೆಳಗೆ 14ಕ್ಕಿಂತ ಜಾಸ್ತಿ ಇಡಲ್ಲ.

ಕೊನೆಯ ವಾರ ಕೆಂಜಿಗದ ಕಾಟ. ಮೊಟ್ಟೆ ಬಿರುಕು ಬಿಟ್ಟ ಕೂಡಲೇ ಮುತ್ತಿಕೊಳ್ಳುತ್ತದೆ, ಹೊರಗೆ ಬರುವ ಮೊದಲೇ ಮರಿ ಸಾಯುತ್ತದೆ. ಸುತ್ತ ಒಲೆ ಬೂದಿ ಸುರಿಯಿರಿ. ನಾನು ಬೂದಿಗೆ ಇನ್ನೊಂದು ಬೆರೆಸುತ್ತೇನೆ, ಅದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬಾತು ನನಗೆ ಬೇಕಾದ ಕಡೆಯೇ ಗೂಡು ಮಾಡುವಂತೆ ಒಲಿಸುವ ಉಪಾಯವೂ ಅಷ್ಟೇ, ಇನ್ನೊಂದು ವರ್ಷ ನೋಡಿ ಹೇಳುತ್ತೇನೆ.

ಮರಿ ಒಡೆದ ಮೇಲೆ ಅದೇ ಜಾಗದಲ್ಲಿ ಮೂರು ವಾರ, ತಾಯಿ ಜೊತೆ. ಚೌಕಟ್ಟಿಗೆ ಇನ್ನೊಂದು ಚೌಕಟ್ಟು ಜೋಡಿಸುತ್ತೇನೆ. ಇದರಲ್ಲಿ ನಾನು ಎಣಿಸಿರದ ಲಾಭ ಒಂದು ಸಿಕ್ಕಿತು. ಹುಂಜ, ಹ್ಯಾಟೆ, ಗಿನಿಕೋಳಿ ಎಲ್ಲ ಮೆಶ್ ಆಚೆ ನಿಂತು ದಿನಾ ಮರಿಗಳನ್ನು ನೋಡುತ್ತವೆ. ಮೊದಲೆರಡು ದಿನ ಕುಕ್ಕಲು ಬರುತ್ತವೆ, ಆಮೇಲೆ ತಿರುಗಿಯೂ ನೋಡಲ್ಲ. ಹಿಂದೆ ಪಿಳ್ಳೆ ಇರುವ ಹ್ಯಾಟೆಗಳು ಬಾತಿನ ಮರಿಯ ತಲೆ ಕುಕ್ಕಿ ರಕ್ತ ಬರಿಸುತ್ತಿದ್ದವು. ಈ ಸಲ ಒಂದಕ್ಕೂ ಗಾಯ ಇಲ್ಲ. ಹೊರಗೆ ಬಿಡುವುದು ಸಂಜೆ ನಾಲ್ಕೂವರೆ ಮೇಲೆ, ಕೋಳಿಗಳು ಗೂಡಿನ ಕಡೆ ಮುಖ ಮಾಡಿದಾಗ, ಗಂಡು ಬಾತುಗಳನ್ನು ಕೂಡಿಹಾಕಿ.

ನೀರಿನ ವಿಷಯದಲ್ಲಿ ನನ್ನದೇ ತಪ್ಪು. ಬಾಂಡ್ಲಿ ತುಂಬ ನೀರಿಟ್ಟು ಪೇಟೆಗೆ ಹೋಗಿದ್ದೆ. ಮರಿಗಳು ಇಳಿದವು, ನುಣುಪಾದ ಅಂಚು ಹತ್ತಲು ಆಗಲಿಲ್ಲ. 5 ಸತ್ತವು. ಈಗ ಅಗಲ ತಟ್ಟೆ, ಅದರಲ್ಲಿ ಕಲ್ಲು, ಮೂಗು ಮುಳುಗುವಷ್ಟು ನೀರು.

ತಿನ್ನಲು ಬರೀ ನುಚ್ಚು ಹಾಕಿದ ವರ್ಷ ಕಾಲು ಸೊಟ್ಟಗಾದವು. ನಯಾಸಿನ್ (ಒಂದು ಬಿ ವಿಟಮಿನ್) ಕಮ್ಮಿ ಅಂತ ಪಶುವೈದ್ಯರು ಹೇಳಿದರು, ಬಿ ಕಾಂಪ್ಲೆಕ್ಸ್ ನೀರಿಗೆ ಬೆರೆಸಿದ ಮೇಲೆ ಹೆಚ್ಚಿನವು ಎದ್ದು ನಿಂತವು. ಹಳೆ ಕಡಲೆಕಾಯಿ ಹಿಂಡಿ ಹಾಕಿ 9 ಮರಿ ಕಳಕೊಂಡೆ. ಅದರಲ್ಲಿ ಬೂಷ್ಟು ಇತ್ತು, ಅದೇ ಹಿಂಡಿ ತಿಂದ ಕೋಳಿಗಳಿಗೆ ಏನೂ ಆಗಲಿಲ್ಲ. ಬಾತಿನ ಮರಿ ಆ ಬೂಷ್ಟಿನ ವಿಷವನ್ನು ಸ್ವಲ್ಪವೂ ತಡೆಯಲ್ಲ. ಈಗ ಚಿಕ್ ಸ್ಟಾರ್ಟರ್ (ಕೋಳಿ ಪಿಳ್ಳೆಯ ಮೇವು), ಒಣಮೀನಿನ ಪುಡಿ, ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ. ಅಜೋಲಾ ಗುಂಡಿ ಮಾಡಿದ್ದು ಹಸುವಿಗೆ, ಈಗ ಅರ್ಧಕ್ಕಿಂತ ಜಾಸ್ತಿ ಬಾತಿಗೇ ಹೋಗುತ್ತದೆ.

ಹದ್ದಿಗೆ ಅಂತ ಹಳೆ ಸಿ.ಡಿ. ನೇತು ಹಾಕಿ ನೋಡಿದೆ, ನಾಲ್ಕು ದಿನಕ್ಕೆ ಕಾಗೆ ಅದರ ಪಕ್ಕದಲ್ಲೇ ಕೂತಿತ್ತು. ಮರದಿಂದ ಮರಕ್ಕೆ ನೈಲಾನ್ ದಾರ ಅಡ್ಡಾದಿಡ್ಡಿ ಎಳೆದ ಮೇಲೆ ಹದ್ದು ಇಳಿಯುವುದು ತುಂಬಾ ಕಮ್ಮಿಯಾಯಿತು. ಗಿನಿಕೋಳಿ ಕೂಗಿದರೆ ಏನೋ ಬಂದಿದೆ ಅಂತಲೇ ಅರ್ಥ, ಎರಡು ಸಲ ಹಾವು ತೋರಿಸಿಕೊಟ್ಟಿವೆ. ಇನ್ನೊಂದು ಪ್ರಯೋಗ, ಮಸ್ಕೋವಿ ಗಂಡಿಗೆ ನಾಡು ಬಾತು ಸೇರಿಸಿದ್ದು. ಮರಿಗಳು ಬೇಗ ತೂಕ ಬಂದವು, ಆದರೆ ಅವುಗಳಿಂದ ಮುಂದಕ್ಕೆ ಮರಿ ಆಗಲ್ಲ. ಸಾಕುವವರಿಗೆ ಕೊಡಬೇಡಿ, ಮೋಸ ಆಗುತ್ತದೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು. ಮೆಶ್ 3,200, ಕಟ್ಟಿಗೆ ಮೊಳೆ ತಗಡು ಸೇರಿ ಇನ್ನೊಂದು 2,000, ಅದರಲ್ಲಿ ಮೂರು ಚೌಕಟ್ಟು ಆದವು. ಈ ಸಲ 38ರಲ್ಲಿ 24 ಮಾರಿದೆ, ಒಂದೂವರೆ ತಿಂಗಳ ಜೋಡಿಗೆ 600ರಂತೆ. ಚೌಕಟ್ಟಿನ ಖರ್ಚು ಮೊದಲ ಸಲವೇ ಬಂತು, ಮೇವಿನದೂ ಸ್ವಲ್ಪ ಬಂತು. ಚೌಕಟ್ಟು ಇನ್ನು ನಾಲ್ಕೈದು ವರ್ಷ ಬಾಳುತ್ತದೆ.

ದೊಡ್ಡಪ್ಪ ಮೊನ್ನೆ ಬಂದು ಒಂದು ಚೌಕಟ್ಟು ಕೇಳಿದರು. ಅವರ ಬಾತು ಹುಲ್ಲಿನ ಬಣವೆ ಪಕ್ಕ ಕೂತಿದೆಯಂತೆ, ಇವತ್ತಿಗೆ ಆರು ದಿನ. ರಾತ್ರಿ ಊಟ ಆದ ಮೇಲೆ ಇಬ್ಬರೂ ಹೊತ್ತುಕೊಂಡು ಹೋಗಬೇಕು.