ಹೆಸರಿಲ್ಲದ ಟ್ಯೂಬ್ ವಾಪಸ್: ರಕ್ತನಿಧಿಯಲ್ಲಿ ನನ್ನ ಅನುಭವ

ರೋಗಿಯ ಹೆಸರು ಬರೆಯದ ರಕ್ತದ ಸ್ಯಾಂಪಲ್ ಟ್ಯೂಬ್ ಬಂದರೆ ನಾನು ವಾಪಸ್ ಕಳಿಸುತ್ತೇನೆ. ನಡುರಾತ್ರಿ ಆಗಿರಲಿ, ತಂದವರು ಎಷ್ಟೇ ಸಿಟ್ಟಾಗಲಿ. ಹುಬ್ಬಳ್ಳಿಯ ರಕ್ತನಿಧಿಯಲ್ಲಿ ಟೆಕ್ನಿಷಿಯನ್ ಆಗಿ ಇದೊಂದನ್ನು ಮಾತ್ರ ಯಾರಿಗಾಗಿಯೂ ಸಡಿಲ ಬಿಟ್ಟಿಲ್ಲ.

ಓ ಗುಂಪಿನವರಿಗೆ ಎ ಗುಂಪಿನ ರಕ್ತ ಹೋದರೆ ಕೆಂಪು ಕಣಗಳು ರಕ್ತನಾಳದೊಳಗೇ ಒಡೆಯುತ್ತವೆ. ಕಿಡ್ನಿ ಕೈಕೊಡಬಹುದು, ಜೀವವೇ ಹೋಗಬಹುದು. ಹೀಗಾಗೋದು ಹೆಚ್ಚಾಗಿ ಪರೀಕ್ಷೆ ತಪ್ಪಿ ಅಲ್ಲ, ಆಳು ಅದಲುಬದಲಾಗಿ. ನಮ್ಮ ಕಡೆ ಬಸವ್ವ, ಗಂಗವ್ವ, ಯಲ್ಲವ್ವ ಅನ್ನೋ ಹೆಸರು ಎಷ್ಟಿವೆ ನೀವೇ ನೋಡಿ. ಒಂದೇ ವಾರ್ಡಿನಲ್ಲಿ ಗದಗಿನ ಗಂಗವ್ವ ಇರುತ್ತಾರೆ, ನವಲಗುಂದದ ಗಂಗವ್ವನೂ ಇರುತ್ತಾರೆ. ಇಬ್ಬರಿಗೂ ರಕ್ತ ಕಡಿಮೆ.

ಹೊಸ ನರ್ಸ್‌ಗಳಿಗೆ ನಾನು ಹೇಳೋದು ಇಷ್ಟೇ. "ನೀವು ಗಂಗವ್ವ ಹೌದಲ್ರಿ?" ಅಂತ ಕೇಳಬೇಡಿ. ಸುಸ್ತಾಗಿ ಮಲಗಿದ ಅಜ್ಜಿ ಯಾವುದಕ್ಕೂ "ಹ್ಞೂಂ" ಅಂತಾಳೆ. "ಯವ್ವಾ, ನಿಮ್ಮ ಹೆಸರೇನ್ರಿ? ಯಾವೂರ್ರಿ?" ಅಂತ ಕೇಳಿ, ಅವರ ಬಾಯಿಂದಲೇ ಬರಲಿ. ಗಂಡನ ಹೆಸರು ಹೇಳಲು ಹಿರಿಯ ಹೆಣ್ಣುಮಕ್ಕಳು ನಾಚುತ್ತಾರೆ, ಮಗನ ಹೆಸರು ಕೇಳಿ. ಆಮೇಲೆ ಐಪಿ ನಂಬರ್ (ಆಸ್ಪತ್ರೆಗೆ ದಾಖಲಾದಾಗ ಕೊಟ್ಟ ನಂಬರ್) ತಾಳೆ ನೋಡಿ, ಮಂಚದ ಪಕ್ಕದಲ್ಲೇ ಲೇಬಲ್ ಬರೆಯಿರಿ. ಟೇಬಲ್ ಹತ್ತಿರ ಹೋಗಿ ಬರೆದರಾಯಿತು ಅಂದರೆ ಅಷ್ಟರಲ್ಲಿ ಕೈಯಲ್ಲಿ ಇನ್ನೆರಡು ಟ್ಯೂಬ್ ಸೇರಿರುತ್ತವೆ.

ರಕ್ತದ ಗುಂಪು ನೋಡುವಾಗ ಕೆಂಪು ಕಣ ಒಂದು ಸಲ, ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಒಂದು ಸಲ, ಎರಡೂ ಕಡೆಯಿಂದ ನೋಡುತ್ತೇವೆ. ಟ್ಯೂಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದರೆ ತಳದ ಕೆಂಪು ಗುಂಡಿ ಹೊಗೆಯಂತೆ ಹರಡುತ್ತದೆ, ಇಲ್ಲವೇ ಗಟ್ಟಿ ಹರಳಾಗಿ ನಿಲ್ಲುತ್ತದೆ. ಹರಳು ಕಟ್ಟಿದರೆ ಪ್ರತಿಕ್ರಿಯೆ ಆಗಿದೆ ಅಂತ ಅರ್ಥ. ಕಣ ನೋಡಿದರೆ ಓ, ಆದರೆ ಸೀರಂ ಓ ಕಣವನ್ನೇ ಹರಳು ಕಟ್ಟಿಸಿದರೆ ಅಲ್ಲೇ ಕೈ ನಿಲ್ಲಿಸಬೇಕು, ಸಾಮಾನ್ಯ ಓ ಆಗಿದ್ದರೆ ಹೀಗಾಗಲ್ಲ. ಅದು ಬಾಂಬೆ ಗುಂಪು ಇರಬಹುದು. 1952ರಲ್ಲಿ ಮುಂಬೈಯಲ್ಲಿ ಡಾ. ಭೇಂಡೆ ಮತ್ತು ಜೊತೆಯವರು ಗುರುತಿಸಿದ್ದು. ಅಂಥವರಿಗೆ ಓ ರಕ್ತವೂ ಆಗಿಬರಲ್ಲ, ಬಾಂಬೆ ಗುಂಪಿನದೇ ಬೇಕು. ಅವಸರದಲ್ಲಿ ಸೀರಂ ಪರೀಕ್ಷೆ ಬಿಟ್ಟರೆ ಇದು ಗೊತ್ತೇ ಆಗಲ್ಲ.

"ನಮ್ದೂ ಓ ಪಾಸಿಟಿವ್, ಅವಂದೂ ಓ ಪಾಸಿಟಿವ್, ಹಂಗಽ ಹಾಕ್ರಿ" ಅಂತ ಸಂಬಂಧಿಕರು ಕಿಟಕಿ ಬಡಿಯುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಅನ್ನೋ ಪರೀಕ್ಷೆ) ಆಗಬೇಕು, ದಾನಿಯ ರಕ್ತಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗಿರಬೇಕು.

ಆದರೆ ಪರೀಕ್ಷೆಗೂ ಒಂದು ಮಿತಿ ಇದೆ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಯಾವ ಕಿಟ್‌ಗೂ ಅದು ಸಿಗಲ್ಲ. ಅಲ್ಲಿ ದಾನಿ ಹೇಳುವ ನಿಜವೇ ನಮಗೆ ಆಧಾರ. ಕಾಲೇಜು ರಕ್ತದಾನ ಶಿಬಿರಗಳಲ್ಲಿ ದಾನಿಗಳಿಗೆ ಪ್ರಶ್ನೆ ಕೇಳುವ ಟೇಬಲ್ ಮೊದಲು ಸಾಲಿನ ಪಕ್ಕದಲ್ಲೇ ಇರುತ್ತಿತ್ತು. ಬೆನ್ನ ಹಿಂದೆ ಗೆಳೆಯರು ನಿಂತಿರುವಾಗ ಯಾವ ಹುಡುಗ ಬಾಯಿ ಬಿಡುತ್ತಾನೆ? ನಾನು ಟೇಬಲನ್ನು ಪರದೆ ಹಿಂದೆ ಹಾಕಿಸಿದೆ. ಒಬ್ಬೊಬ್ಬರನ್ನೇ ಕೂರಿಸಿ ಟ್ಯಾಟೂ, ಕಾಮಾಲೆ, ಲೈಂಗಿಕ ಸಂಪರ್ಕ ಎಲ್ಲ ಕೇಳುತ್ತೇನೆ. ಬೇಡ ಅನಿಸಿದವರನ್ನು "ಹಿಮೋಗ್ಲೋಬಿನ್ 12.5 ಇಲ್ಲಪ್ಪಾ" ಅಂತ ವಾಪಸ್ ಕಳಿಸುವವರ ಜೊತೆಯಲ್ಲೇ ಕಳಿಸುತ್ತೇವೆ. ಯಾರು ಯಾಕೆ ಹೊರಗೆ ಬಂದರು ಅಂತ ಗೆಳೆಯರಿಗೆ ತಿಳಿಯಲ್ಲ.

ಎಲ್ಲರ ಕೈಗೂ ನಮ್ಮ ಫೋನ್ ನಂಬರಿನ ಚೀಟಿ ಕೊಡುತ್ತೇವೆ. ಆಮೇಲೆ ಮನಸ್ಸಿಗೆ ಬಂದು "ನನ್ನ ರಕ್ತ ಬಳಸಬ್ಯಾಡ್ರಿ ಸರ್" ಅಂತ ಫೋನ್ ಮಾಡಿದರೆ ಚೀಲದ ನಂಬರ್ ನೋಡಿ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರನ್ನೂ ತೆಗೆದಿಡುತ್ತೇವೆ. ಯಾಕೆ ಅಂತ ಕೇಳುವುದಿಲ್ಲ.